ಫ್ರಿಜ್ಜು ನಿಲ್ಲಿಸಿದ ದುರುಗಜ್ಜಿ

ನಮ್ಮೂರಿಗೆ ಬರುವ ಒಂದೇ ಬಸ್ಸಿನಲ್ಲಿ, ಡ್ರೈವರ್ ಸೀಟಿನ ಹಿಂದೆ, ಕೆಂಪು ಅಕ್ಷರದ ಬೋರ್ಡು ಇದೆ: ‘ಎಂಜಿನ್ನಿನ ಬಗ್ಗೆ ಆಶ್ಚರ್ಯಪಡಬಾರದು.’ ಹೊರಗಿನವರು ಅದನ್ನು ಓದಿ ನಗುತ್ತಾರೆ. ಹಾಗೆ ನಕ್ಕವರ ಪಕ್ಕದಲ್ಲಿ ಕೂತ ನಮ್ಮೂರಿನವರು ತಕ್ಷಣ ಜೇಬಿನಿಂದ ಬೆಲ್ಲದ ಚೂರು ತೆಗೆದು ಅವರ ಕೈಗಿಡುತ್ತಾರೆ. ‘ಬಾಯಿಗೆ ಹಾಕ್ಕೊಳ್ಳಿ ಸ್ವಾಮಿ, ಊರು ಮುಟ್ಟೋವರೆಗೂ ಚೀಪ್ತಾ ಇರಿ.’ ಬಾಯಿ ತುಂಬಿದವನು ಪ್ರಶ್ನೆ ಕೇಳಲಾರ, ಅಷ್ಟೇ ಲೆಕ್ಕ.

ಯಾಕೆಂದರೆ ನಮ್ಮೂರಿನಲ್ಲಿ ಯಾರಾದರೂ ಒಂದು ವಸ್ತುವಿನ ಮುಂದೆ ನಿಂತು, ನಿಜವಾಗಿಯೂ ತಿಳಿಯಬೇಕೆಂದು, ಬಾಯಿಬಿಟ್ಟು ‘ಇದು ಹೆಂಗೆ?’ ಎಂದು ಕೇಳಿದರೆ ಆ ವಸ್ತು ನಿಂತುಬಿಡುತ್ತದೆ. ಕೇಳಿದವರಿಗೆ ತಿಳಿದ ಮೇಲೆಯೇ ಮತ್ತೆ ನಡೆಯುವುದು. ಉತ್ತರ ಹೇಳಿದರೆ ಸಾಲದು, ತಿಳಿಯಬೇಕು. ತೆಂಗಿನ ಮರಕ್ಕೆ, ಎಮ್ಮೆಗೆ, ಮೋಡಕ್ಕೆ ಇದು ತಾಗುವುದಿಲ್ಲ. ಮನುಷ್ಯ ಕೈಯಾರೆ ಮಾಡಿದ್ದಕ್ಕೆ ಮಾತ್ರ.

ಊರು ಇದಕ್ಕೆ ಒಗ್ಗಿಕೊಂಡುಬಿಟ್ಟಿದೆ. ಹೆಣ್ಣು ನೋಡಲು ಬಂದವರು ಮೊದಲು ವಿಚಾರಿಸುವುದು ‘ಹುಡುಗಿಗೆ ಕೇಳೋ ಚಾಳಿ ಇಲ್ಲ ತಾನೆ?’ ಎಂದು. ಹೊಸ ಅಳಿಯನೊಬ್ಬ ಮೊದಲ ಹಬ್ಬಕ್ಕೆ ಬಂದವನು ಮಿಕ್ಸಿಯ ಮುಂದೆ ನಿಂತು, ‘ಅತ್ತೆ, ಇದ್ಯಾಕೆ ತಿರುಗುತ್ತೆ?’ ಎಂದು ಕೇಳಿದ್ದಕ್ಕೆ ಮನೆಮಂದಿಯೆಲ್ಲ ಮೂರು ತಿಂಗಳು ಒರಳಲ್ಲಿ ರುಬ್ಬಿದರು. ಪಟೇಲರ ಟ್ರ್ಯಾಕ್ಟರನ್ನು ನೋಡಿ ಯಾರೋ ದಾರಿಹೋಕ ಏನೋ ಕೇಳಿದನಂತೆ, ಕೇಳಿ ಅವನ ಪಾಡಿಗೆ ಹೋದನಂತೆ. ಅವನು ಯಾರು, ಎಲ್ಲಿಯವನು ಎಂದು ಯಾರಿಗೂ ಗೊತ್ತಿಲ್ಲ. ಆ ಟ್ರ್ಯಾಕ್ಟರಿನಲ್ಲಿ ಈಗ ಹನ್ನೊಂದು ಕೋಳಿಗಳು ಸಂಸಾರ ಮಾಡುತ್ತಿವೆ.

ಇದನ್ನೆಲ್ಲ ಜನ ನಗುನಗುತ್ತಾ ಹೇಳುತ್ತಾರೆ. ನನಗೆ ಮಾತ್ರ ಮೈ ಉರಿಯುತ್ತದೆ.

ನನ್ನ ಹೆಸರು ಓಬಳೇಶ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಬಿಟ್ಟವನು ಎಂದರೆ ಸುಳ್ಳಾಗುತ್ತದೆ, ಅಟ್ಟಿಸಿಕೊಂಡವನು. ನಮ್ಮ ಸ್ಕೂಲಿನ ಗಂಟೆ ಎಂದರೆ ಬೇವಿನ ಮರಕ್ಕೆ ನೇತುಹಾಕಿದ ರೈಲ್ವೆ ಹಳಿಯ ತುಂಡು. ಪಿಯೂನ್ ಹೊನ್ನೂರಪ್ಪ ಕಬ್ಬಿಣದ ರಾಡಿನಲ್ಲಿ ಒಂದು ಬಾರಿಸಿದರೆ ಕೆರೆ ಆಚೆಯವರೆಗೆ ಕೇಳುತ್ತಿತ್ತು. ಒಂದು ದಿನ ನಾನು ವಾಮನಮೂರ್ತಿ ಮೇಷ್ಟ್ರನ್ನು ಕೇಳಿದೆ: ‘ಸಾರ್, ಹೊನ್ನೂರಪ್ಪ ರಾಡು ತೆಗೆದ ಮೇಲೂ ಹಳಿ ಯಾಕೆ ಗುಂಯ್ ಅಂತಾನೇ ಇರುತ್ತೆ? ಕೈ ಇಟ್ಟರೆ ಆ ಸದ್ದು ಎಲ್ಲಿಗೆ ಹೋಗುತ್ತೆ?’

ಆಗ ಬೆಲ್ಲದ ಚೂರು ಹತ್ತಿರ ಇರಲಿಲ್ಲ, ನೋಡಿ.

ಮೇಷ್ಟ್ರು ಉತ್ತರವಾಗಿ ಹೇಳಿದ್ದು ಒಂದೇ ವಾಕ್ಯ: ‘ಧ್ವನಿಯು ವಸ್ತುಗಳ ಕಂಪನದಿಂದ ಉಂಟಾಗುತ್ತದೆ.’ ತಿಳಿಯಲಿಲ್ಲ ಸಾರ್ ಎಂದೆ. ಐನೂರು ಸಲ ಬರೆಸಿದರು. ಬರೆದೆ, ತಿಳಿಯಲಿಲ್ಲ. ಅಂಗೈಗೆ ಹೊಡೆದರು. ಅಂಗೈ ಊದಿತು, ತಿಳಿಯಲಿಲ್ಲ. ಅತ್ತ ಹಳಿಯನ್ನು ಬಾರಿಸಿದರೆ ಮಣ್ಣಿನ ಗೋಡೆಗೆ ಗುದ್ದಿದ ಹಾಗೆ ಸಪ್ಪಗೆ ಇರುತ್ತಿತ್ತು. ಮೂರನೇ ವಾರ ‘ಉತ್ತರ ಸರಿಯಾಗಿದೆ, ತಪ್ಪು ಕೇಳಿದವನದು’ ಎಂದು ನನ್ನನ್ನು ಮನೆಗೆ ಕಳಿಸಿದರು. ಅಂದಿನಿಂದ ಊರಿನಲ್ಲಿ ನನಗೆ ‘ಗಂಟೆ ನುಂಗಿದವನು’ ಎಂದೇ ಹೆಸರು. ಆ ಹಳಿಯ ಹತ್ತಿರ ಆಮೇಲೆ ನಾನು ಸುಳಿಯಲಿಲ್ಲ. ‘ಕಂಪನ’ ಎನ್ನುವ ಮಾತು ಕಿವಿಗೆ ಬಿದ್ದರೆ ಈಗಲೂ ಅಂಗೈ ಚುರುಗುಟ್ಟುತ್ತದೆ.

ಸ್ಕೂಲಿನಲ್ಲಿ ಈಗ ಊಟದ ತಟ್ಟೆ ಬಡಿಯುತ್ತಾರೆ. ಆದರೆ ಹೊನ್ನೂರಪ್ಪ ವಿಚಿತ್ರದ ಮನುಷ್ಯ. ‘ನನ್ನನ್ನ ಇಟ್ಕೊಂಡಿರೋದು ಗಂಟೆ ಹೊಡೆಯೋಕೆ, ಸದ್ದು ಮಾಡೋದು ಬಿಡೋದು ಅದಕ್ಕೆ ಬಿಟ್ಟಿದ್ದು’ ಎಂದು ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕೂವರೆಗೆ ತಪ್ಪದೆ ಆ ಮೂಗ ಹಳಿಗೆ ರಾಡು ಬೀಸುತ್ತಾನೆ. ಒಂಬತ್ತು ವರ್ಷದಿಂದ.

ನಾನು ಸೈಕಲ್ ಶಾಪ್ ಹಾಕಿಕೊಂಡಿದ್ದೇನೆ, ಆಸ್ಪತ್ರೆಯ ಎದುರಿಗೆ. ಪಂಕ್ಚರ್, ಬ್ರೇಕು, ಚೈನು. ಕೇಳುವಂತಿಲ್ಲವಲ್ಲ, ಹಾಗಾಗಿ ಎಲ್ಲವನ್ನೂ ಬಿಚ್ಚಿ, ಮುಟ್ಟಿ, ಮೂಸಿ ಕಲಿತೆ. ನನ್ನ ಬೆರಳಿಗೆ ಬಹಳ ಗೊತ್ತು. ಬಾಯಿಗೆ ಏನೂ ಗೊತ್ತಿಲ್ಲ. ವಾಮನಮೂರ್ತಿ ಮೇಷ್ಟ್ರು ರಿಟೈರ್ ಆಗಿ ಪಂಚಾಯ್ತಿ ಪಕ್ಕದ ಉತ್ತರ ಹೇಳುವ ಕಚೇರಿಯಲ್ಲಿ ಕೂತಿದ್ದಾರೆ. ಯಾವುದಾದರೂ ವಸ್ತು ನಿಂತರೆ ಅವರೇ ಹೋಗಿ ಉತ್ತರ ಹೇಳಬೇಕು, ಬೇರೆಯವರು ಹೇಳುವಂತಿಲ್ಲ. ಅದರಲ್ಲೂ ಸ್ಕೂಲಿನಿಂದ ಹೊರಗೆ ಹಾಕಿಸಿಕೊಂಡವರು ಬಾಯಿ ತೆರೆಯುವಂತೆಯೇ ಇಲ್ಲ. ಅಂಥವರು ಊರಲ್ಲಿ ಇರುವುದು ಒಬ್ಬನೇ, ಆ ನಿಯಮ ಯಾರಿಗಾಗಿ ಮಾಡಿದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆ ಗುರುವಾರ ದುರುಗಜ್ಜಿ ಕಾಲುನೋವಿನ ಇಂಜೆಕ್ಷನ್ನಿಗೆ ಆಸ್ಪತ್ರೆಗೆ ಬಂದಳು. ಕಮ್ಮಾರರ ಕಾಳಪ್ಪನ ಹೆಂಡತಿ. ಐವತ್ತು ವರ್ಷ ಗಂಡನ ಕುಲುಮೆಯಲ್ಲಿ ತಿದಿ ಒತ್ತಿ ಬೆಂಕಿಗೆ ಗಾಳಿ ಊದಿದವಳು, ಸಮ್ಮಟ್ಟಿಗೆಯಂಥ ದೊಡ್ಡ ಸುತ್ತಿಗೆ ಎತ್ತಿದವಳು. ಕಾಳಪ್ಪ ಹೋದ ವರ್ಷ ತೀರಿಕೊಂಡ, ಕುಲುಮೆ ಆರಿತು. ನಮ್ಮೂರಿನ ಜರೀನಾ ಸಿಸ್ಟರ್ ಫ್ರಿಜ್ಜಿನ ಬಾಗಿಲು ತೆಗೆದು ಏನೋ ಬಾಟಲಿ ಹುಡುಕುತ್ತಿದ್ದರಂತೆ. ತಣ್ಣನೆ ಗಾಳಿ ಬಂದು ಅಜ್ಜಿಯ ಮುಖಕ್ಕೆ ಬಡಿಯಿತಂತೆ. ಅಜ್ಜಿ ಅಂದಳಂತೆ:

‘ಸಿಸ್ಟ್ರಮ್ಮ, ಬಿಸಿ ಮಾಡೋಕೆ ಬೆಂಕಿ ಐತೆ. ತಣ್ಣಗೆ ಮಾಡೋಕೆ ಇದರೊಳಗೆ ಏನೈತೆ?’

ಗುರ್ ಎನ್ನುತ್ತಿದ್ದ ಫ್ರಿಜ್ಜು ಒಂದು ಸಲ ಮೈ ಕೊಡವಿ ಸುಮ್ಮನಾಯಿತು.

ಒಳಗಿನ ಬಲ್ಬು ಮಾತ್ರ ಉರಿಯುತ್ತಲೇ ಇತ್ತು. ಅಜ್ಜಿ ಬೆಳಕಿನ ಬಗ್ಗೆ ಕೇಳಿರಲಿಲ್ಲವಲ್ಲ.

ಅದರಲ್ಲಿ ಇದ್ದದ್ದು ಕೂಸುಗಳಿಗೆ ಚುಚ್ಚುವ ಲಸಿಕೆ. ಮರುದಿನ ಶುಕ್ರವಾರ, ಅರವತ್ತಮೂರು ಕೂಸುಗಳು ಬರುವುದಿತ್ತು, ಎಂಟು ಹಳ್ಳಿಯಿಂದ. ಲಸಿಕೆ ಬಿಸಿಯಾದರೆ ಬರೀ ನೀರು. ಮತ್ತೆ ತರಿಸಲು ಎರಡು ತಿಂಗಳು. ಊರಲ್ಲಿದ್ದ ಇನ್ನೊಂದು ಫ್ರಿಜ್ಜು, ಸೋಡಾ ಅಂಗಡಿಯದು, ಮೂರು ವರ್ಷದ ಹಿಂದೆ ಮದುವೆಗೆ ಬಂದ ಯಾರೋ ಪರಸ್ಥಳದವರ ಬಾಯಿಗೆ ಬಿದ್ದು ಈಗ ಬಟ್ಟೆ ಇಡುವ ಬೀರು. ಸಿಸ್ಟರ್ ಎಲ್ಲವನ್ನೂ ಐಸ್ ತುಂಬಿದ ಡಬ್ಬಿಗೆ ಹಾಕಿ ಮುಚ್ಚಿದರು. ಐಸ್ ತಡೆಯುವುದು ಸಂಜೆ ಐದರ ತನಕ.

ಮೇಷ್ಟ್ರು ಬಂದರು. ಕೋಟು, ಕನ್ನಡಕ, ಕೈಗೆ ಕೀಲಿ ಕೊಡುವ ಹಳೆಯ ಗಡಿಯಾರ. ಅರ್ಧ ಊರು ಆಸ್ಪತ್ರೆಯ ಕಿಟಕಿಗೆ ಮುತ್ತಿತ್ತು. ನಾನು ಶಾಪಿನಿಂದಲೇ, ತೆರೆದ ಬಾಗಿಲಲ್ಲಿ ನೋಡುತ್ತಿದ್ದೆ, ಸ್ಪ್ಯಾನರ್ ಹಿಡಿದು.

‘ಕೇಳಮ್ಮಾ,’ ಎಂದರು ಮೇಷ್ಟ್ರು. ‘ಶೈತ್ಯಕಾರಿ ದ್ರವವು ಬಾಷ್ಪೀಕರಣ ಹೊಂದುವಾಗ ಸುತ್ತಲಿನಿಂದ ಗುಪ್ತೋಷ್ಣವನ್ನು ಹೀರಿಕೊಳ್ಳುತ್ತದೆ. ತಿಳಿಯಿತೆ?’

‘ಹೂಂ ಸಾಮಿ, ತಿಳೀತು,’ ಅಂದಳು ಅಜ್ಜಿ, ಕೈ ಮುಗಿದು.

ಎಲ್ಲರೂ ಫ್ರಿಜ್ಜಿನ ಕಡೆ ನೋಡಿದರು. ಫ್ರಿಜ್ಜು ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಸೆರಗಿನ ತುದಿ ನೋಡಿಕೊಂಡಳು.

ಮೇಷ್ಟ್ರು ಅದೇ ಮಾತನ್ನು ಇನ್ನೂ ಜೋರಾಗಿ ಹೇಳಿದರು. ಮೂರನೇ ಸಲ ಬಿಡಿಬಿಡಿಯಾಗಿ, ಗುಪ್–ತೋಷ್–ಣ ಎಂದು. ಅಜ್ಜಿ ಮೂರು ಸಲವೂ ತಿಳೀತು ಎಂದಳು. ಮಧ್ಯಾಹ್ನ ಎರಡಾಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ‘ಉತ್ತರ ಸರಿಯಾಗಿದೆ. ತಪ್ಪು ಕೇಳಿದವಳದು. ಈ ವಯಸ್ಸಿನಲ್ಲಿ ಈಕೆಗೇಕೆ ಬೇಕಿತ್ತು?’ ಎಂದು ಊಟಕ್ಕೆ ಹೊರಟರು.

ಅದೇ ಮಾತು! ಒಂಬತ್ತು ವರ್ಷದ ಹಿಂದೆ ನನಗೆ ಹೇಳಿದ ಅದೇ ಮಾತು, ಅದೇ ರಾಗ. ನಾನು ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದೆ. ಆ ಕಡೆ ಜರೀನಾ ಸಿಸ್ಟರ್ ರಸ್ತೆ ದಾಟಿ ನನ್ನ ಶಾಪಿಗೇ ಬರುತ್ತಿದ್ದರು.

‘ಓಬಳೇಶ, ಬಾ.’

‘ನಾನಾ? ನಾನು ಉತ್ತರ ಹೇಳೋ ಹಂಗಿಲ್ಲ ಸಿಸ್ಟರ್. ನಾನು ಗಂಟೆ ನುಂಗಿದವನು.’

‘ಗಂಟೆ ನುಂಗಿದೆಯೋ, ಗೋಪುರ ನುಂಗಿದೆಯೋ, ನನಗೆ ಬೇಕಾಗಿಲ್ಲ. ನನ್ನ ಅರವತ್ತಮೂರು ಮಕ್ಕಳ ಔಷಧಿ ನೀರಾಗ್ತಾ ಇದೆ. ಕರೆದದ್ದು ನಾನು, ಬೈದರೆ ನನ್ನನ್ನ ಬೈಯಲಿ. ಬರ್ತೀಯೋ, ಇಲ್ಲ ಕಿವಿ ಹಿಡಿದು ಎಳ್ಕೊಂಡು ಹೋಗಲೋ?’

ಹೋದೆ. ಅಜ್ಜಿ ಬೆಂಚಿನ ಮೇಲೆ ಮುದುಡಿ ಕೂತಿದ್ದಳು. ಅವಳೊಬ್ಬಳೇ ಊರನ್ನು ಹಾಳು ಮಾಡಿದಳೆಂಬಂತೆ ಕಿಟಕಿಯಲ್ಲಿ ಹೆಂಗಸರು ಗುಸುಗುಸು ಎನ್ನುತ್ತಿದ್ದರು. ‘ನೀವೆಲ್ಲ ಹೋಗ್ರಿ ಆ ಕಡೆ!’ ಎಂದು ಕೂಗಿ ಕಿಟಕಿ ಹಾಕಿದೆ. ಆಮೇಲೆ ಕೆರೆ ಒಡೆದ ಹಾಗೆ ಮಾತು ಶುರು ಮಾಡಿದೆ. ಪೈಪು, ಪಂಪು, ಗ್ಯಾಸು, ಹಿಂದೆ, ಮುಂದೆ, ಮೇಲೆ, ಕೆಳಗೆ. ಕೈ ಆಡಿಸಿದ್ದೇ ಆಡಿಸಿದ್ದು. ಬೆರಳಿಗೆ ಗೊತ್ತಿದ್ದದ್ದು ಬಾಯಿಗೆ ಬರುವಷ್ಟರಲ್ಲಿ ಹಿಂದುಮುಂದಾಗುತ್ತಿತ್ತು. ಕಾಲು ಗಂಟೆಯಾದ ಮೇಲೆ ಉಸಿರು ತೆಗೆದುಕೊಂಡು, ‘ತಿಳೀತಾ?’ ಎಂದೆ.

‘ಹೂಂ ಕಣಪ್ಪಾ. ಚೆನ್ನಾಗಿ ತಿಳೀತು.’

ಫ್ರಿಜ್ಜು ಸುಮ್ಮನೆ ನಿಂತಿತ್ತು, ಬಿಳಿ ಗೋಡೆಯ ಹಾಗೆ.

‘ಅಜ್ಜೀ! ಸುಳ್ಳು ಹೇಳ್ತೀಯಾ?’

‘ನೀನು ಅಳೋ ಹಂಗಿದ್ಯಪ್ಪಾ. ನೋಡೋಕಾಗಲಿಲ್ಲ, ಹೂಂ ಅಂದೆ.’

‘ಮೇಷ್ಟ್ರಿಗೆ?’

‘ಅವರು ಕೋಟು ಹಾಕ್ಕೊಂಡಿದ್ರು. ಅದಕ್ಕೆ ಹೂಂ ಅಂದೆ.’ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಎಪ್ಪತ್ನಾಲ್ಕು ವರ್ಷ ಎಲ್ಲದಕ್ಕೂ ಹೂಂ ಅಂತಾನೇ ಬದುಕಿದೀನಿ ಕಣೋ. ನನ್ನ ಯಜಮಾನ ಮದುವೆಯಾದ ದಿನಾನೇ ಅಂದಿದ್ದ, ಏನಾದ್ರೂ ಕೇಳ್ಬೇಕು ಅನ್ನಿಸಿದ್ರೆ ನಾಲಿಗೆ ಕಚ್ಕೊ, ತಿದಿ ನಿಂತ್ರೆ ಒಲೆ ಉರಿಯಲ್ಲ ಅಂತ. ಕಚ್ಕೊಂಡೆ. ಈಗ ಅವನೂ ಇಲ್ಲ, ತಿದಿನೂ ಇಲ್ಲ. ನಿಲ್ಲೋಕೆ ಏನೈತೆ ಅಂದ್ಕೊಂಡು ಬಾಯಿ ಸಡಿಲ ಬಿಟ್ಟೆ. ನೋಡು, ಕೂಸುಗಳ ಮದ್ದು ನಿಂತೋಯ್ತು. ನನಗೆ ಹುಟ್ಟಿದ್ದು ಒಂದೂ ಉಳೀಲಿಲ್ಲ ಓಬ್ಳೇಶಿ. ಈಗ ಬೇರೆಯೋರ ಕೂಸಿಗೂ...’

ಸಿಸ್ಟರ್ ಆ ಕಡೆ ತಿರುಗಿಕೊಂಡರು. ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದ ಹಾಗಾಯಿತು. ಅವಳ ಪಕ್ಕ ಕೂತೆ. ಹೇಳುವುದನ್ನು ಬಿಟ್ಟು ಕೇಳಿಬಿಟ್ಟೆ:

‘ಹೋಗ್ಲಿ ಬಿಡಜ್ಜಿ. ನಿನಗೆ ಏನನ್ನಿಸುತ್ತೆ? ಅದರೊಳಗೆ ಏನಿರಬಹುದು?’

ಅವಳು ಸೆರಗು ಬಿಟ್ಟು ನನ್ನ ಕಡೆ ತಿರುಗಿದಳು. ಈ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಅಸಲಿಗೆ ಈ ಊರಿನಲ್ಲಿ ಯಾರನ್ನೂ ಯಾರೂ ಕೇಳಿರಲಿಲ್ಲ.

‘ನನಗೆ... ಬೆಂಕಿ ಇದ್ದಂಗೆ ಒಂದು ತಣ್ಣನೆ ಕೆಂಡ ಇರಬೇಕು ಅನ್ನಿಸ್ತು.’

‘ಇಲ್ಲ. ನಾನು ಸೋಡಾ ಅಂಗಡೀದು ಬಿಚ್ಚಿ ನೋಡಿದೀನಿ. ಕೆಂಡ ಗಿಂಡ ಏನೂ ಇಲ್ಲ. ಬರೀ ಪೈಪು. ಒಳಗಿಂದ ಹಿಂದಕ್ಕೆ, ಹಿಂದಿಂದ ಒಳಗೆ.’

‘ಹಿಂದೆ ಬಿಸಿ ಇರುತ್ತೆ,’ ಎಂದರು ಸಿಸ್ಟರ್ ಇದ್ದಕ್ಕಿದ್ದಂತೆ. ‘ಮಳೆಗಾಲದಲ್ಲಿ ನನ್ನ ದುಪಟ್ಟಾ ಒಣಗಿಸೋದು ಅಲ್ಲೇ. ಆ ಕಪ್ಪು ಜಾಲರಿ ಮೇಲೆ.’

‘ತಣ್ಣಗೆ ಮಾಡೋ ಪೆಟ್ಟಿಗೆ ಬೆನ್ನು ಬಿಸೀನಾ?’ ಅಜ್ಜಿ ನೆಟ್ಟಗೆ ಕೂತಳು. ‘ಹಂಗಾದ್ರೆ ಒಳಗಿನ ಬಿಸಿನ ತಗೊಂಡು ಹೋಗಿ ಹಿತ್ತಲಿಗೆ ಸುರಿಯುತ್ತೆ ಅನ್ನು! ತಣ್ಣಗೇನೂ ಮಾಡಲ್ಲ ಅದು. ಬಿಸಿ ಹೊರಗೆ ಹಾಕುತ್ತೆ. ಮನೆಯೊಳಗಿನ ಕೆಸರು ನೀರನ್ನ ಮೊಗೆಮೊಗೆದು ಹೊರಗೆ ಚೆಲ್ಲಿದಂಗೆ.’

ಫ್ರಿಜ್ಜು ಒಂದು ಸಲ ‘ಟಕ್’ ಎಂದಿತು. ಮೂವರೂ ಅದರ ಕಡೆ ಬಾಗಿದೆವು. ಮತ್ತೆ ಸುಮ್ಮನಾಯಿತು. ಅರ್ಧ ಮಾತ್ರ ತಿಳಿದಿತ್ತು.

‘ಮೊಗೆಯೋದು ಯಾತರಲ್ಲಿ?’ ಅಜ್ಜಿ ಈಗ ಬಿಡುವ ಹಾಗಿರಲಿಲ್ಲ. ‘ನೀರಿಗೆ ತಂಬಿಗೆ ಐತೆ. ಬಿಸೀಗೆ?’

‘ಸಿಸ್ಟರ್, ಇಂಜೆಕ್ಷನ್ನಿಗೆ ಮುಂಚೆ ಹಚ್ತೀರಲ್ಲ, ಆ ಸ್ಪಿರಿಟ್ ಕೊಡಿ.’

ಹತ್ತಿಯಲ್ಲಿ ಅದ್ದಿ ಅಜ್ಜಿಯ ಮುಂಗೈಗೆ ಒತ್ತಿದೆ. ‘ಊದು.’ ಊದಿದಳು. ‘ಅಯ್ಯಯ್ಯೋ, ಮಂಜು!’

‘ಸ್ಪಿರಿಟ್ ಎಲ್ಲಿ ಹೋಯ್ತು?’

‘ಆರಿಹೋಯ್ತು. ಗಾಳಿಯಾಯ್ತು.’

‘ಬರಿಗೈಲಿ ಹೋಗಲಿಲ್ಲ ಅಜ್ಜಿ. ನೀರಿನಂಥದ್ದು ಗಾಳಿಯಾಗಬೇಕಾದ್ರೆ ಅದಕ್ಕೆ ಬಿಸಿ ಬೇಕು. ಒಲೆ ಇದ್ರೆ ಒಲೆಯಿಂದ ತಗೊಳ್ಳುತ್ತೆ. ಇಲ್ಲಿ ಒಲೆ ಇಲ್ಲ, ನಿನ್ನ ಕೈಯಿಂದ ಕಿತ್ಕೊಂಡು ಹೋಯ್ತು. ಫ್ರಿಜ್ಜಿನ ಪೈಪಲ್ಲೂ ಇಂಥದ್ದೇ ಒಂದು ಐತೆ. ಒಳಗೆ ಬಂದು ಆರುತ್ತೆ, ಆರ್ತಾ ಆರ್ತಾ ಬಾಟಲಿಗಳ ಬಿಸಿ ಕಿತ್ಕೊಳ್ಳುತ್ತೆ.’

ನನ್ನ ಬಾಯಿಂದಲೇ ಈ ಮಾತು ಬಂತಾ ಎಂದು ನನಗೇ ನಂಬಿಕೆಯಾಗಲಿಲ್ಲ. ಅಜ್ಜಿ ತಲೆದೂಗಿದಳು. ಆದರೆ ಹೂಂ ಎನ್ನಲಿಲ್ಲ. ಅದು ನನಗೆ ಬಹಳ ಹಿಡಿಸಿತು.

‘ಒಂದ್ಸಲ ಆರಿದ್ಮೇಲೆ ಮುಗೀತಲ್ಲ? ಮತ್ತೆ ನೀರಾಗೋದು ಹೆಂಗೆ?’

ಓಡಿಹೋಗಿ ಶಾಪಿನಿಂದ ಸೈಕಲ್ ಪಂಪು ತಂದೆ. ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಇಪ್ಪತ್ತು ಸಲ ಜೋರಾಗಿ ಹೊಡೆದೆ. ‘ಇಲ್ಲಿ ಮುಟ್ಟು, ಪಂಪಿನ ಬುಡ.’

‘ಸುಡುತ್ತೆ! ಗಾಳಿ ಒತ್ತಿದ್ರೆ ಯಾಕೋ ಪಂಪು ಸುಡೋದು?’

ಮುಗಿಯಿತು. ಪಂಪಿನ ಹಿಡಿ ಗಟ್ಟಿಯಾಗಿ ನಿಂತುಬಿಟ್ಟಿತು. ಜಗ್ಗಿದರೂ ಬಾರದು, ಒತ್ತಿದರೂ ಇಳಿಯದು. ನನಗಿರುವುದು ಅದೊಂದೇ ಪಂಪು.

‘ಅಜ್ಜೀ!’ ಎಂದು ಕಿರುಚಿದೆ.

‘ಅಯ್ಯೋ ಶಿವನೇ, ಬಾಯಿ ಜಾರ್ತು ಕಣೋ!’

ಜರೀನಾ ಸಿಸ್ಟರ್ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗತೊಡಗಿದರು. ಅರವತ್ತಮೂರು ಕೂಸುಗಳ ಚಿಂತೆಯಲ್ಲಿದ್ದ ಮನುಷ್ಯರು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ನಕ್ಕು ಸುಸ್ತಾಗಿ ಗಡಿಯಾರ ನೋಡಿದರು. ನಾಲ್ಕಕ್ಕೆ ಹತ್ತು ನಿಮಿಷ. ಐಸ್ ಡಬ್ಬಿಯ ಕೆಳಗೆ ನೀರಿನ ಸಣ್ಣ ಕಟ್ಟೆ ಕಟ್ಟಿತ್ತು.

ನಾನು ತಲೆ ಹಿಡಿದು ಕೂತೆ. ನಿಜ ಹೇಳಬೇಕೆಂದರೆ ಪಂಪು ಯಾಕೆ ಸುಡುತ್ತದೆಂದು ನನಗೂ ಗೊತ್ತಿರಲಿಲ್ಲ. ಸುಡುತ್ತದೆ ಎನ್ನುವುದಷ್ಟೇ ಗೊತ್ತು. ‘ನನಗೆ ಗೊತ್ತಿಲ್ಲ ಅಜ್ಜಿ,’ ಎಂದೆ. ಯಾವ ಮೇಷ್ಟ್ರೂ ಈ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಅಜ್ಜಿ ಪಂಪನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರಿದಳು, ಕುಲುಮೆಯಲ್ಲಿ ಕುಡುಗೋಲು ಸವರಿ ನೋಡುವ ಹಾಗೆ.

‘ಓಬ್ಳೇಶಿ, ಒಲೆಗೆ ಹಾಕದೇನೇ ಕಬ್ಬಿಣ ಬಿಸಿಯಾಗೋದು ನೋಡಿದೀಯಾ? ನಾನು ನೋಡಿದೀನಿ. ತಣ್ಣನೆ ಮೊಳೆನ ಅಡಿಗಲ್ಲ ಮೇಲಿಟ್ಟು ಹತ್ತು ಪೆಟ್ಟು ಹಾಕಿದ್ರೆ ಬೆರಳು ಸುಡೋದು. ಬೆಂಕಿ ಎಲ್ಲಿಂದ ಬಂತು? ನನ್ನ ರಟ್ಟೆಯಿಂದ. ನಾನು ಹಾಕಿದ ಶಕ್ತಿ ಎಲ್ಲಿಗಾದ್ರೂ ಹೋಗ್ಬೇಕಲ್ಲ, ಕಬ್ಬಿಣದೊಳಗೆ ಹೋಗಿ ಬಿಸಿಯಾಯ್ತು. ನೀನೂ ಇಪ್ಪತ್ತು ಸಲ ರಟ್ಟೆ ಮುರಿದು ಗಾಳೀನ ಒತ್ತಿದೆ. ಆ ಶಕ್ತಿ ಗಾಳಿಯೊಳಗೆ ಕೂತ್ಕೊಂಡ್ತು. ಅದೇ ಸುಡೋದು.’

ಪಂಪಿನ ಹಿಡಿ ತಾನಾಗಿಯೇ ‘ಚುಸ್ಸ್’ ಎಂದು ಕೆಳಗಿಳಿಯಿತು.

ನಾನು ಎದ್ದು ನಿಂತುಬಿಟ್ಟೆ. ‘ಅಷ್ಟೇ ಅಜ್ಜಿ! ಫ್ರಿಜ್ಜಿನ ತಳದಲ್ಲಿ ಇಂಥದ್ದೇ ಪಂಪಿದೆ, ಗುರ್ ಅನ್ನೋದು ಅದೇ. ಬಿಸಿ ಕಿತ್ಕೊಂಡು ಬಂದ ಗಾಳೀನ ಅದು ಒತ್ತುತ್ತೆ, ಇನ್ನೂ ಸುಡೋ ಹಂಗೆ ಮಾಡುತ್ತೆ. ಸುಡೋ ಗಾಳಿ ಹಿಂದಿನ ಜಾಲರಿಗೆ ಹೋಗುತ್ತೆ...’

‘ಅಲ್ಲಿ ಸಿಸ್ಟ್ರಮ್ಮನ ದುಪಟ್ಟಾಕ್ಕೆ ಬಿಸಿಯೆಲ್ಲ ಕೊಟ್ಟುಬಿಡುತ್ತೆ!’ ಅಜ್ಜಿ ಮಾತನ್ನು ನನ್ನ ಬಾಯಿಂದ ಕಿತ್ತುಕೊಂಡಳು. ‘ಬಿಸಿ ಕೊಟ್ಮೇಲೆ ಮುಚ್ಚಳದ ಮೇಲಿನ ಹಬೆ ನೀರಾದಂಗೆ ಮತ್ತೆ ನೀರಾಗುತ್ತೆ. ನೀರಾಗಿ ಒಳಗೆ ಬರುತ್ತೆ, ಮತ್ತೆ ಆರುತ್ತೆ, ಮತ್ತೆ ಬಿಸಿ ಕಿತ್ಕೊಳ್ಳುತ್ತೆ. ಲೇ, ಇದು ನಾನು ಅಂಗಳಕ್ಕೂ ಬಾವಿಗೂ ತಿರುಗಿದಂಗೆ ಕಣೋ! ಕೊಡ ಒಂದೇ, ತಿರುಗಾಟ ನೂರು!’

ಫ್ರಿಜ್ಜು ಮೈ ಮುರಿಯಿತು. ಗುರ್ರ್ರ್ ಎಂದಿತು. ಅದರ ತಲೆಯ ಮೇಲಿದ್ದ ಸ್ಟೀಲ್ ಟ್ರೇ ಗಲಗಲಗುಟ್ಟತೊಡಗಿತು.

ಸಿಸ್ಟರ್ ಐಸ್ ಡಬ್ಬಿಯನ್ನೇ ಅಪ್ಪಿಕೊಂಡು ಫ್ರಿಜ್ಜಿನ ಕಡೆ ಓಡಿದರು. ಡಬ್ಬಿಯೊಳಗೆ ಇನ್ನೂ ನಾಲ್ಕು ಬೆರಳು ಐಸ್ ಉಳಿದಿತ್ತು. ಮುಚ್ಚಿದ ಕಿಟಕಿಯ ಆಚೆ ಯಾರೋ ‘ಹೋ’ ಎಂದರು. ಅಂದರೆ ಯಾರೂ ಹೋಗಿರಲಿಲ್ಲ, ಕಿವಿ ಹಚ್ಚಿಕೊಂಡು ನಿಂತೇ ಇದ್ದರು. ನನಗೆ ಕುಣಿಯಬೇಕು ಎನ್ನಿಸಿತು. ಆದರೆ ನನಗೆ ಕುಣಿದು ಅಭ್ಯಾಸವಿಲ್ಲ, ಸಿಟ್ಟು ಮಾಡಿಯೇ ಅಭ್ಯಾಸ. ‘ಈ ಟ್ರೇ ಒಂದು, ಗಲಗಲ ಗಲಗಲ, ತಲೆ ಚಿಟ್ಟು ಹಿಡಿಸುತ್ತೆ!’ ಎಂದು ಅದರ ಮೇಲೆ ರೇಗಿ ಕೈ ಇಟ್ಟೆ. ಗಲಗಲ ನಿಂತಿತು. ಕೈ ತೆಗೆದೆ. ಮತ್ತೆ ಗಲಗಲ.

ಅಜ್ಜಿ ನನ್ನನ್ನೇ ನೋಡುತ್ತಿದ್ದಳು.

‘ಇಡು,’ ಎಂದಳು. ‘ಮೆಲ್ಲಗೆ ಇಡು, ಒತ್ತಬ್ಯಾಡ. ಏನು ಗೊತ್ತಾಗುತ್ತೆ?’

‘ನಡುಗ್ತಾ ಐತೆ.’

‘ಈಗ ಒತ್ತು.’

ಒತ್ತಿದೆ. ನಡುಕ ನಿಂತಿತು. ಸದ್ದೂ ನಿಂತಿತು.

‘ಆ ಸ್ಕೂಲಿನ ಹಳಿ ತುಂಡು ಕತ್ತರಿಸಿ ನೇತುಹಾಕಿದ್ದು ನನ್ನ ಯಜಮಾನ,’ ಎಂದಳು ಅಜ್ಜಿ. ‘ನೇತುಹಾಕೋ ದಿನ ನಾನೇ ಹಿಡ್ಕೊಂಡಿದ್ದೆ. ಅವನು ಒಂದು ಬಾರಿಸಿದ, ನನ್ನ ಹಲ್ಲಿನ ತನಕ ನಡುಗಿತು ಕಣೋ. ಕಬ್ಬಿಣ ಗಟ್ಟಿ ಅಂತ ಅಂದ್ಕೋತೀವಿ. ಪೆಟ್ಟು ಬಿದ್ರೆ ಅದೂ ಚಳಿ ಹಿಡಿದ ಕರೂನಂಗೆ ನಡುಗುತ್ತೆ. ರಾಡು ತೆಗೆದ್ರೂ ಚಳಿ ತಕ್ಷಣ ಬಿಡುತ್ತಾ? ನಡುಗ್ತಾನೇ ಇರುತ್ತೆ. ಅದು ನಡುಗಿ ಪಕ್ಕದ ಗಾಳೀನ ನಡುಗಿಸುತ್ತೆ, ಗಾಳಿ ಬಂದು ನಿನ್ನ ಕಿವೀನ ನಡುಗಿಸುತ್ತೆ. ನೀನು ಕೈ ಇಟ್ರೆ ನಡುಕ ಗಾಳಿಗೆ ಹೋಗಲ್ಲ, ನಿನ್ನ ಕೈಯೊಳಗೆ ಬಂದು ಸತ್ತೋಗುತ್ತೆ.’

ನಾನು ಟ್ರೇ ಮೇಲೆ ಕೈ ಇಟ್ಟೆ. ತೆಗೆದೆ. ಇಟ್ಟೆ. ತೆಗೆದೆ. ಅಂಗೈಯಲ್ಲಿ ಜಿರಿಜಿರಿ ಎಂದು ಏನೋ ಓಡಾಡಿತು. ಇದೇ ಅಂಗೈ. ಆ ಮೇಷ್ಟ್ರು ಹೊಡೆದು ಊದಿಸಿದ ಇದೇ ಅಂಗೈ. ಸದ್ದು ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿದ್ದೆ. ಇಲ್ಲಿಗೇ ಹೋಗುತ್ತದೆ!

‘ಇಷ್ಟೇನಾ?’ ಎಂದೆ. ಸಿಟ್ಟು ನೆತ್ತಿಗೇರಿತು. ‘ಇಷ್ಟೇನಾ ಅಜ್ಜಿ? ಒಂದು ಟ್ರೇ ಮುಟ್ಟಿಸಿದ್ರೆ ಮುಗೀತಿತ್ತು! ಇಷ್ಟಕ್ಕೆ ಐನೂರು ಸಲ ಬರೆಸಿದ್ರಾ? ಇಷ್ಟಕ್ಕೆ ನನ್ನ ಒಂಬತ್ತು ವರ್ಷ...’

ಮಾತು ಮುಗಿಯಲಿಲ್ಲ.

ಠಣ್–ಣ್–ಣ್–ಣ್.

ನಾಲ್ಕೂವರೆ. ಹೊನ್ನೂರಪ್ಪ ಎಂದಿನ ಹಾಗೆ ಬೇವಿನ ಮರದ ಕೆಳಗೆ ನಿಂತು, ಎಂದಿನ ಹಾಗೆ ಆಕಳಿಸುತ್ತಾ, ಎಂದಿನ ಹಾಗೆ ರಾಡು ಬೀಸಿದ್ದ. ಆಮೇಲೆ ಕೇಳಿದೆ, ಅವನು ರಾಡು ಎಸೆದು ನಾಲ್ಕು ಹೆಜ್ಜೆ ಓಡಿದನಂತೆ. ಸ್ಕೂಲಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಆ ಸದ್ದನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ, ಬೆಂಚಿನ ಕೆಳಗೆ ಕೂತರಂತೆ. ಕೆರೆ ಏರಿಯ ಮೇಲೆ ಎಮ್ಮೆಗಳು ನಿಂತವು. ಹಿಟ್ಟಿನ ಗಿರಣಿಯವನು ಗಿರಣಿ ನಿಲ್ಲಿಸಿ ಹೊರಗೆ ಬಂದ. ಆಸ್ಪತ್ರೆಯ ಕಿಟಕಿಯಾಚೆ ಗುಸುಗುಸು ಎಲ್ಲ ತಣ್ಣಗಾಗಿ, ಒಬ್ಬಳು ಹೆಂಗಸು ಮಾತ್ರ, ‘ಗಂಟೆ! ಅಯ್ಯೋ, ಗಂಟೆ ಕಣ್ರೇ!’ ಎಂದು ಯಾರನ್ನೋ ಹಿಡಿದು ಅಲ್ಲಾಡಿಸುತ್ತಿದ್ದಳು.

ಗುಂಯ್ ಎನ್ನುವುದು ಬಹಳ ಹೊತ್ತಿನ ತನಕ ಕೇಳುತ್ತಲೇ ಇತ್ತು. ಹೊನ್ನೂರಪ್ಪ ಧೈರ್ಯ ತಂದುಕೊಂಡು ಮತ್ತೆ ಒಂದು ಹೊಡೆದ. ಮತ್ತೆ ಒಂದು. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ, ಕತ್ತಲಾಗುವ ತನಕ ಬಾರಿಸಿದ. ದುರುಗಜ್ಜಿ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತು, ‘ನಮ್ಮೋನದು. ನಮ್ಮೋನ ಕೈಕೆಲಸ ಅದು,’ ಎನ್ನುತ್ತಿದ್ದಳು.

ಮರುದಿನ ಅರವತ್ತಮೂರು ಕೂಸುಗಳೂ ಬಂದವು, ಅರವತ್ತಮೂರೂ ಕಿರುಚಿದವು. ಆ ಗಲಾಟೆಯಲ್ಲಿ ನಾನು ಶಾಪಿನಲ್ಲಿ ಟ್ಯೂಬಿಗೆ ಗಾಳಿ ತುಂಬುತ್ತಿದ್ದಾಗ ವಾಮನಮೂರ್ತಿ ಮೇಷ್ಟ್ರು ರಸ್ತೆ ದಾಟಿ ಬಂದರು. ಕೋಟು ಇರಲಿಲ್ಲ. ನನ್ನ ಶಾಪಿನ ಮುರುಕು ಸ್ಟೂಲನ್ನು ತಾವೇ ಎಳೆದುಕೊಂಡು ಕೂತರು. ಜಗಳಕ್ಕೆ ನಾನು ಸಿದ್ಧನಾಗಿದ್ದೆ. ರಾತ್ರಿಯೆಲ್ಲ ಬೈಗುಳ ಜೋಡಿಸಿಟ್ಟಿದ್ದೆ, ಒಂದಕ್ಕಿಂತ ಒಂದು ಚೆನ್ನಾಗಿದ್ದವು.

‘ಆ ದಿನ ನನಗೂ ತಿಳಿದಿರಲಿಲ್ಲ ಕಣೋ ಓಬಳೇಶ,’ ಎಂದರು ಮೇಷ್ಟ್ರು. ‘ವಾಕ್ಯ ಗೊತ್ತಿತ್ತು, ಅಷ್ಟೇ. ನಿನ್ನೆ ಗಂಟೆ ಕೇಳಿದ ಮೇಲೆ ಮನೆಯಲ್ಲಿ ಪಾತ್ರೆಗಳನ್ನೆಲ್ಲ ಬಡಿದು ಬಡಿದು ಮುಟ್ಟಿ ನೋಡಿದೆ. ನಮ್ಮ ಮನೆಯವರು ಹುಚ್ಚು ಹಿಡಿಯಿತು ಅಂದುಕೊಂಡರು.’

ಜೋಡಿಸಿಟ್ಟಿದ್ದ ಬೈಗುಳಗಳಲ್ಲಿ ಇದಕ್ಕೆ ಸರಿಹೊಂದುವುದು ಒಂದೂ ಸಿಗಲಿಲ್ಲ.

ಅವರು ಕೈಯಿಂದ ಗಡಿಯಾರ ಬಿಚ್ಚಿ ನನ್ನ ಮುಂದೆ ಹಿಡಿದರು. ‘ನಲವತ್ತು ವರ್ಷದಿಂದ ಕಟ್ಟಿಕೊಂಡಿದ್ದೇನೆ. ದಿನಾ ಕೀಲಿ ಕೊಡುತ್ತೇನೆ. ಬೆಳಿಗ್ಗೆ ಕೊಟ್ಟ ಕೀಲಿ ಒಂದೇ ಸಲಕ್ಕೆ ಬಿಚ್ಚಿಕೊಳ್ಳದೆ, ಇಡೀ ದಿನ ಚೂರುಚೂರೇ ಬಿಚ್ಚಿಕೊಳ್ಳುವುದು ಹೇಗೋ?’

ಕೇಳಿಬಿಟ್ಟಿದ್ದರು. ಬಾಯಿಬಿಟ್ಟು, ನಿಜವಾಗಿ ತಿಳಿಯಬೇಕೆಂದು. ಟಿಕ್ ಟಿಕ್ ಎನ್ನುತ್ತಿದ್ದದ್ದು ನಮ್ಮಿಬ್ಬರ ಕಣ್ಣೆದುರೇ ನಿಂತಿತು. ಮೇಷ್ಟ್ರು ಬೆಚ್ಚಿಬಿದ್ದು, ಆಮೇಲೆ ಮೆಲ್ಲಗೆ ನಕ್ಕರು. ಹತ್ತು ಹನ್ನೆರಡು ವರ್ಷದ ಹುಡುಗ ತಪ್ಪು ಮಾಡಿ ಸಿಕ್ಕಿಬಿದ್ದಾಗ ನಗುವ ಹಾಗೆ.

ನನಗೂ ಗೊತ್ತಿರಲಿಲ್ಲ. ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಎದುರು ಬದಿಯಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಯಾರದೋ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ದುರುಗಜ್ಜಿಯನ್ನು ಕೂಗಿ ಕರೆದೆ. ಆಮೇಲೆ ಮೇಷ್ಟ್ರ ಕಡೆ ತಿರುಗಿ, ಎಷ್ಟು ಸಿಟ್ಟು ತಂದುಕೊಳ್ಳಲು ಸಾಧ್ಯವೋ ಅಷ್ಟು ಸಿಟ್ಟಿನಿಂದ ಕೇಳಿದೆ:

‘ಬಿಚ್ಚೋಣ. ಅದಕ್ಕೂ ಮುಂಚೆ ನೀವು ಹೇಳಿ ಮೇಷ್ಟ್ರೇ. ನಿಮಗೆ ಏನನ್ನಿಸುತ್ತೆ?’